ನಮ್ಮ ಕಾಜಾ ಮಷೀನು

ಜೂನ್ 4

ಗುಂಡಿ ಕಾರ್ಖಾನೆಯ ಮಾಲೀಕನಾದ ಅಣ್ಣನಿಗೆ,

ಹೊಲಿಗೆ ಸಂಘದ ಕಾರ್ಯದರ್ಶಿಯ ಕಡೆಯಿಂದ ನಮಸ್ಕಾರ. ತಂಗಿಯ ಕಡೆಯಿಂದ ಸಿಟ್ಟು. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ, ಸಂಘದ ಅಂಚೆಖರ್ಚು ಉಳಿಯಲಿ ಅಂತ.

ಅತ್ತಿಗೆಯ ಆಜ್ಞೆಯಂತೆ ಇನ್ನು ಮೇಲೆ ನಮ್ಮಿಬ್ಬರ ನಡುವೆ ಫೋನಿಲ್ಲ, ಕಾಗದ ಮಾತ್ರ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಮಾತಾಡುತ್ತೇವೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಕಳೆದ ಭಾನುವಾರ ನೀನು 'ಲಾಭ' ಅಂದದ್ದೂ ನಾನು 'ಲೂಟಿ' ಅಂದದ್ದೂ ಒಂದೇ ಗಳಿಗೆಗೆ ಬಿದ್ದು, ಅತ್ತಿಗೆಗೆ 'ಲಾಟಿ' ಅಂತ ಕೇಳಿಸಿ, ಪೊಲೀಸರು ಬಂದರೇನೋ ಅಂತ ಹೆದರಿದರಂತೆ. ಕಾಗದದಲ್ಲಾದರೆ ಒಬ್ಬರು ಬೈದು ಮುಗಿಸುವ ತನಕ ಇನ್ನೊಬ್ಬರು ಕಾಯಲೇಬೇಕು.

ವಿಷಯಕ್ಕೆ ಬರುತ್ತೇನೆ. ಇಲ್ಲಿಯ ದೊಡ್ಡಾಸ್ಪತ್ರೆಯ ಸಿಬ್ಬಂದಿಗೆ ಅಂಗಿ ಹೊಲಿಯುವ ಕೆಲಸ ನಮ್ಮ ಸಂಘಕ್ಕೆ ಸಿಕ್ಕಿದೆ. ಎರಡು ಸಾವಿರ ಅಂಗಿ. ಅಂಗಿಗೆ ಆರು ಗುಂಡಿ, ಆರು ಕಾಜಾ. ಗುಂಡಿ ತೂರುವ ಆ ಸೀಳಿನ ಅಂಚನ್ನು ನಾವು ಹನ್ನೊಂದು ಜನ ಇವತ್ತಿಗೂ ಕೈಯಲ್ಲೇ ಹೊಲಿಯುತ್ತೇವೆ. ಹನ್ನೆರಡು ಸಾವಿರ ಸೀಳು ಕೈಯಲ್ಲಿ ಮುಗಿಯುವಷ್ಟರಲ್ಲಿ ಅರ್ಧ ಡಾಕ್ಟರುಗಳು ನಿವೃತ್ತರಾಗಿರುತ್ತಾರೆ. ತಡವಾದರೆ ಕೆಲಸ ಎದುರು ಬೀದಿಯ ದೊಡ್ಡ ಅಂಗಡಿಗೆ ಹೋಗುತ್ತದೆ, ನಮ್ಮಲ್ಲಿ ನಾಲ್ವರು ಮನೆಗೆ ಹೋಗುತ್ತಾರೆ.

ಅಂಗಿ ವ್ಯಾಪಾರ ಮಾಡುತ್ತೇನೆ ಅಂತ ಎರಡು ವರ್ಷದ ಹಿಂದೆ ನೀನೊಂದು ಕಾಜಾ ಮಷೀನು ತಂದಿದ್ದೆ. ಅದು ಚಾದರ ಹೊದ್ದು ಮಲಗಿದೆ ಅಂತ ಗುಪ್ತಚರ ವರದಿ (ಅತ್ತಿಗೆ) ಬಂದಿದೆ. ಅದನ್ನು ಎಬ್ಬಿಸಿ ಕಳಿಸಲು ಸಾಧ್ಯವೇ? ಕೇಳಲು ಮನಸ್ಸಿಲ್ಲ. ಹನ್ನೊಂದು ಜನರ ಪರವಾಗಿ ಕೇಳುತ್ತಿದ್ದೇನೆ.

ನಿನ್ನ ತಂಗಿ

ಜೂನ್ 10

ಸಮಾಜವಾದದ ಕಟ್ಟಕಡೆಯ ಆಶಾಕಿರಣವಾದ ತಂಗಿಗೆ,

ಶೋಷಕನ ಮನೆಯಲ್ಲಿ ಎಲ್ಲರೂ ಆರೋಗ್ಯ.

ನಿನ್ನ ಕಾಗದ ಓದಿ ನನ್ನ ತಲೆ ಹೆಮ್ಮೆಯಿಂದ ಬಾಗಿಲಿನ ಮೇಲ್ಚೌಕಟ್ಟಿಗೆ ತಗಲಿತು. ಹನ್ನೊಂದು ಜನ, ಹನ್ನೆರಡು ವರ್ಷ, ಒಂದು ಕಾಜಾ ಮಷೀನು ಕೊಳ್ಳಲಾಗಲಿಲ್ಲ. ಯಾಕೆ? ಯಾವ ಬಣ್ಣದ್ದು ತರಬೇಕು ಎನ್ನುವ ಸಭೆ ಇನ್ನೂ ಮುಗಿದಿಲ್ಲ, ಅದಕ್ಕೆ. ನಾನೊಬ್ಬನೇ ಮೂಲೆಯಲ್ಲಿ ನಿಂತು, ನನ್ನನ್ನೇ ಕೇಳಿ, ನಾನೇ ಒಪ್ಪಿ, ಮಧ್ಯಾಹ್ನದೊಳಗೆ ತಂದುಬಿಟ್ಟೆ. ಅದು ಎರಡು ವರ್ಷ ಮಲಗಿದ್ದು ಬೇರೆ ಮಾತು.

ಇರಲಿ. ನಮ್ಮ ಕಾಜಾ ಮಷೀನು ಬುಧವಾರದ ಲಾರಿಯಲ್ಲಿ ಬರುತ್ತದೆ. ನಮ್ಮ ಮೇಸ್ತ್ರಿಯೇ ಎಣ್ಣೆ ಬಿಟ್ಟು, ಒರೆಸಿ, ಮಗುವಿಗೆ ಸುತ್ತುವ ಹಾಗೆ ಸುತ್ತಿ ಕೊಟ್ಟಿದ್ದಾನೆ. ಸೂಜಿ ಕೊಂಚ ಮುಂಗೋಪಿ, ಬೆಳಿಗ್ಗೆ ಮೊದಲ ಹತ್ತು ಕಾಜಾ ಹಳೇ ಬಟ್ಟೆಯ ಮೇಲೆ ಹಾಕಿಸಿ. ಬೇರೆಯವರದ್ದು ಅಂತ ಸಂಕೋಚ ಬೇಡ, ನಮ್ಮ ಮಷೀನು ಅಂತಲೇ ನೋಡಿಕೊಳ್ಳಿ. ಸಂಘದ ಎಲ್ಲರಿಗೂ ನನ್ನ ನಮಸ್ಕಾರ. ನಮ್ಮ ಮನೆಯವಳೂ ಕೇಳಿದಳು ಅಂತ ತಿಳಿಸು.

ಇಲ್ಲಿ ಕೆಲಸ ಭರ್ಜರಿ. ಒಂಬತ್ತು ಜನ ಕೆಲಸಗಾರರಿಗೂ ತಲೆ ಎತ್ತಲು ಪುರುಸೊತ್ತಿಲ್ಲ.

ನಿನ್ನ ಅಣ್ಣ

ಜೂನ್ 21

ಪ್ರೀತಿಯ ಅಣ್ಣನಿಗೆ,

ಈ ಸಲ ಸಿಟ್ಟು ಹಾಕಿಲ್ಲ, ಲಕೋಟೆ ಹಗುರ ಇದೆ ಅಂತ ಗಾಬರಿಯಾಗಬೇಡ.

ಮಷೀನು ಬಂತು. ಲಾರಿಯಿಂದ ಇಳಿಸುವಾಗ ಹನ್ನೊಂದು ಜನರೂ ಕೈ ಹಚ್ಚಿದೆವು. ಅದಕ್ಕೆ ನಾಲ್ಕು ಜನ ಸಾಕಿತ್ತು, ಉಳಿದವರು ಒಬ್ಬರನ್ನೊಬ್ಬರು ಎತ್ತಿದರು. ಆಮೇಲೆ ಸಭೆ ಸೇರಿತು. ನಮ್ಮ ಅಧ್ಯಕ್ಷೆ ಕತ್ತರಿ ಅಕ್ಕ (ನಲವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿರುವುದರಿಂದ ಆ ಹೆಸರು, ಮಾತೂ ಹಾಗೆಯೇ) ನಿನ್ನ ಕಾಗದವನ್ನು ನಿಂತು ಓದಿದರು. ಬಣ್ಣದ ಸಭೆಯ ಸಾಲನ್ನು ಎರಡು ಸಲ ಓದಿದರು, ಯಾರೂ ನಗಲಿಲ್ಲ, ಯಾಕೆಂದರೆ ಅದು ನಿಜ. ಆಮೇಲೆ ಕನ್ನಡಕ ತೆಗೆದು ಹೇಳಿದರು:

"ನೋಡ್ರೇ, ನಮ್ಮ ಮಷೀನು, ನಮ್ಮ ಮಷೀನು ಅಂತ ಎರಡು ಸಲ ಬರ್ದಿದಾರೆ. ನನ್ನದು ಅಂತ ಒಂದ್ಸಲಾನೂ ಇಲ್ಲ."

"ನಮಸ್ಕಾರ ಮಾತ್ರ ನನ್ನದು ಅಂದಿದಾರೆ," ಎಂದಳು ಕಾಲರ್ ಹೊಲಿಯುವವಳು.

"ಅಂಥ ಅಣ್ಣನ್ನ ಇವಳು ಹನ್ನೆರಡು ವರ್ಷ ಬೈದಳಲ್ಲೇ," ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ಅಣ್ಣ, ನನಗೆ ತಲೆ ತಗ್ಗಿಸುವಂತಾಯಿತು. ಅಲ್ಲೇ ಠರಾವು ಪಾಸಾಯಿತು: ಮಷೀನು ಇಂದಿನಿಂದ ಸಂಘದ ಸಾಮೂಹಿಕ ಆಸ್ತಿ. ನಮ್ಮ ಹನ್ನೊಂದು ಮಷೀನುಗಳ ಸಾಲಿಗೆ ಸೇರಿತು ಅಂತ ಅದರ ಹೊಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ 12 ಅಂತ ಬರೆದಿದ್ದೇವೆ. ಬಣ್ಣ ಯಾವುದು ಅಂತ ಈ ಸಲ ಚರ್ಚೆಯಾಗಲಿಲ್ಲ, ಡಬ್ಬಿಯಲ್ಲಿ ಉಳಿದಿದ್ದೇ ಹಳದಿ. ನಮ್ಮ ಒಂಬತ್ತನೇ ನಿಯಮದ ಪ್ರಕಾರ ಸಾಮೂಹಿಕ ಆಸ್ತಿಯನ್ನು ಯಾವ ಕಾರಣಕ್ಕೂ ಹೊರಗಿನವರಿಗೆ ಕೊಡುವಂತಿಲ್ಲ. ಆದ್ದರಿಂದ ನಿನ್ನ ಉಡುಗೊರೆ ಭದ್ರವಾಗಿರುತ್ತದೆ, ಚಿಂತೆ ಬೇಡ.

ನೀನಿಷ್ಟು ದೊಡ್ಡ ಮನಸ್ಸು ತೋರಿಸಿದ ಮೇಲೆ ನಾನೂ ಒಂದು ಗುಟ್ಟು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಮೇಜು, ಮಷೀನು, ದಾರ, ಇಸ್ತ್ರಿ ಪೆಟ್ಟಿಗೆ ಎಲ್ಲ ಎಲ್ಲರದ್ದು. ಕತ್ತರಿ ಮಾತ್ರ ಅವರವರದ್ದು. ಹಿಡಿಗೆ ಬಣ್ಣಬಣ್ಣದ ಬಟ್ಟೆ ಕಟ್ಟಿಕೊಂಡು, ಊಟಕ್ಕೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಕತ್ತರಿ ಅಕ್ಕನ ಕತ್ತರಿಯಲ್ಲಿ ಒಬ್ಬಳು ಕಾಗದ ಕತ್ತರಿಸಿದ್ದಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಇದು ನಿನ್ನ ಪಕ್ಷಕ್ಕೆ ಸಿಗುವ ವಾದ. ಕೃತಜ್ಞತೆಯಿಂದ ಕೊಡುತ್ತಿದ್ದೇನೆ, ಇಟ್ಟುಕೋ.

ನಿನ್ನ ತಂಗಿ

ಜುಲೈ 3

ತಂಗಿಗೆ,

ನಿನ್ನ ಕಾಗದವನ್ನು ಕೂತು ಓದಿದೆ, ನಿಂತು ಓದಿದೆ, ಕೊನೆಗೆ ನಿನ್ನ ಅತ್ತಿಗೆಯ ಕೈಲಿ ಓದಿಸಿದೆ. ಮೂರೂ ಸಲ ಅರ್ಥ ಅದೇ ಬಂತು.

ಇದು ರಾಜಕೀಯವಲ್ಲ, ವ್ಯಾಕರಣ. ನಮ್ಮ ಭಾಷೆಯಲ್ಲಿ 'ನಮ್ಮ' ಅಂದರೆ 'ನನ್ನ', ಕೊಂಚ ಮರ್ಯಾದೆ ಬೆರೆಸಿ. ಒಬ್ಬನೇ ಮಗನಾದವನೂ 'ನಮ್ಮಪ್ಪ' ಅನ್ನುತ್ತಾನೆ, ಪಾಲುದಾರರು ಇದ್ದಾರೆ ಅಂತಲ್ಲ. ಅದೇ ಕಾಗದದಲ್ಲಿ 'ನಮ್ಮ ಮನೆಯವಳೂ ಕೇಳಿದಳು' ಅಂತ ಬರೆದಿದ್ದೆ. ಅವಳಿಗೂ ಹಳದಿ ಬಣ್ಣದಲ್ಲಿ 13 ಅಂತ ಬರೆಯುವ ಠರಾವೇನಾದರೂ ಪಾಸಾಗಿದೆಯೇ, ದಯವಿಟ್ಟು ಮೊದಲೇ ತಿಳಿಸು. ಅವಳು ಆಗಲೇ ನಿಯಮಾವಳಿ ತರಿಸಿಕೊಡಿ ಅನ್ನುತ್ತಿದ್ದಾಳೆ.

ತಾತ್ಪರ್ಯ ಇಷ್ಟೆ: ಮಷೀನನ್ನು ಕೊಟ್ಟದ್ದಲ್ಲ, ಕಳಿಸಿದ್ದು. ಆಸ್ಪತ್ರೆಯ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ವಾಪಸು ಬಂದರೆ ಅನುಕೂಲ. ಅವಸರವೇನೂ ಇಲ್ಲ. ಇಲ್ಲೊಂದು ಸಣ್ಣ ಯೋಚನೆ ಇತ್ತು, ಅಷ್ಟೆ.

ನನ್ನನ್ನು ಜಿಪುಣ ಅಂದುಕೊಳ್ಳಬೇಡ. ನಾನೂ ಹೊಸಿಲಿನ ಒಳಗೆ ಪಕ್ಕಾ ನಿನ್ನ ಪಕ್ಷದವನೇ. ನಮ್ಮ ಅಡುಗೆಮನೆಯಲ್ಲಿ ಯಾರೂ ಬಿಲ್ಲು ಕೊಡುವುದಿಲ್ಲ. ಹಸಿದವರಿಗೆ ಮೊದಲು ಬಡಿಸುತ್ತಾರೆ, ಕೈಲಾದವರು ಪಾತ್ರೆ ತೊಳೆಯುತ್ತಾರೆ. ಯೋಜನಾ ಮಂಡಳಿಯ ಅಧ್ಯಕ್ಷೆ ಬೆಳಿಗ್ಗೆ ಏನು ನಿರ್ಧರಿಸುತ್ತಾಳೋ ಅದನ್ನೇ ಎಲ್ಲರೂ ತಿನ್ನಬೇಕು, ತಕರಾರಿಗೆ ಅವಕಾಶವಿಲ್ಲ. ಬೀದಿಗೆ ಕಾಲಿಟ್ಟ ಮೇಲಷ್ಟೇ ನಾನು ಬಂಡವಾಳಶಾಹಿ. ಎರಡು ಪದ್ಧತಿ ಒಂದೇ ಮನುಷ್ಯನಲ್ಲಿ ಇಪ್ಪತ್ತೆಂಟು ವರ್ಷದಿಂದ ಸಂಸಾರ ಮಾಡುತ್ತಿವೆ. ಆಗಾಗ ಅಜೀರ್ಣ, ಬೇರೇನೂ ತೊಂದರೆಯಿಲ್ಲ.

ನಿನ್ನ ಅಣ್ಣ

ಜುಲೈ 12

ಅಣ್ಣನಿಗೆ,

ನಿನ್ನ ವ್ಯಾಕರಣ ಪಾಠವನ್ನು ಸಭೆಯಲ್ಲಿ ಓದಲಿಲ್ಲ. ಓದಲು ನನಗೆ ಮುಖವಿರಲಿಲ್ಲ. ಮೂರು ವಾರದಿಂದ ಅವರೆಲ್ಲ ನಿನ್ನ ಹೆಸರು ಹೇಳಿ ಮಷೀನಿಗೆ ಎಣ್ಣೆ ಬಿಡುತ್ತಿದ್ದಾರೆ.

ಎರಡು ವರ್ಷ ಮಲಗಿಸಿಟ್ಟಿದ್ದೆಯಲ್ಲ, ಆಗ ಅದರ ನೆನಪಾಗಲಿಲ್ಲ. ನಾಲ್ಕು ಜನ ಅದರ ಮುಂದೆ ಕೂತು ದುಡಿಯಲು ಶುರು ಮಾಡಿದ ಕೂಡಲೇ ಅದು 'ನನ್ನ' ಮಷೀನಾಯಿತು. ನಿಮ್ಮ ಕಡೆಯವರ ವಿಚಾರ ನನಗೆ ಹೊಸದಲ್ಲ. ಆದರೆ ನಿನ್ನ ವಿಷಯದಲ್ಲಿ ಕೊಂಚ ಬೇರೆ ಅಂದುಕೊಂಡಿದ್ದೆ. ಮೂವತ್ತು ವರ್ಷದಿಂದ ಗುಂಡಿ ಮಾಡುತ್ತಿದ್ದೀಯ, ಅದರಲ್ಲಿ ನಾವೇ ಬೀಳಬೇಕೇ?

ಅವಸರವಿಲ್ಲ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಕಾಯಿ. ಒಂಬತ್ತನೇ ನಿಯಮ ಒಂಬತ್ತನೇ ನಿಯಮವೇ.

ಕಾರ್ಯದರ್ಶಿ

ಆಗಸ್ಟ್ 9

ತಂಗಿಗೆ,

ಮಷೀನು ನೀವೇ ಇಟ್ಟುಕೊಳ್ಳಿ. ಅದರ ವಿಷಯ ಇನ್ನು ಬರೆಯುವುದಿಲ್ಲ. ಆಸ್ಪತ್ರೆಯ ಅಂಗಿಗಳು ಎಲ್ಲಿಗೆ ಬಂದವು ಅಂತ ತಿಳಿಸು. ಇಲ್ಲಿ ಎಲ್ಲ ಸರಿ ಇದೆ. ಗಾಳಿ ಜಾಸ್ತಿ.

ನಿನ್ನ ಅಣ್ಣ

ಇದನ್ನು ಲಕೋಟೆಯ ಒಳಮಡಿಕೆಯಲ್ಲಿ ಬರೆಯುತ್ತಿದ್ದೇನೆ, ನಿನ್ನ ಅತ್ತಿಗೆ. ಅಂಟು ಹಚ್ಚಲು ನನ್ನ ಕೈಗೆ ಕೊಟ್ಟರು, ಅದು ಅವರ ತಪ್ಪು.

ಎಲ್ಲ ಸರಿ ಇಲ್ಲಮ್ಮ. ನಮ್ಮ ಗುಂಡಿಯನ್ನೆಲ್ಲ ಕೊಳ್ಳುತ್ತಿದ್ದ ದೊಡ್ಡ ಅಂಗಿ ಕಂಪನಿ ಇನ್ನು ಬೇಡ ಅಂದುಬಿಟ್ಟಿತು. ಅವರ ಕಾಗದವೂ ನೀನು ಮಷೀನು ಕೇಳಿದ ಕಾಗದವೂ ಒಂದೇ ದಿನ ಬಂದವು. ಮೊದಲು ನಿನ್ನದಕ್ಕೇ ಉತ್ತರ ಬರೆದರು. ಕಾರ್ಖಾನೆಯ ಪಕ್ಕದ ಖಾಲಿ ಶೆಡ್ಡಿನಲ್ಲಿ ಕಾಜಾ ಹಾಕಿ ಗುಂಡಿ ಹೊಲಿದು ಕೊಡುವ ಕೆಲಸ ಶುರು ಮಾಡಿದರೆ ಒಂಬತ್ತು ಜನರನ್ನೂ ಉಳಿಸಿಕೊಳ್ಳಬಹುದು ಅಂತ ಆಮೇಲೆ ಹೊಳೆಯಿತು, ಅದಕ್ಕೇ ಮಷೀನು ಕೇಳಿದ್ದು.

ಈಗೇನು ಮಾಡುತ್ತಾರೆ ಗೊತ್ತಾ? ಆ ಒಂಬತ್ತು ಜನ ಹಗಲೆಲ್ಲ ಹಳೇ ಗುಂಡಿಗಳನ್ನು ಬಣ್ಣಬಣ್ಣವಾಗಿ ಆರಿಸಿ ಡಬ್ಬಿಗೆ ತುಂಬುತ್ತಾರೆ. ಸಂಜೆ ಅವರು ಹೋದ ಮೇಲೆ ಇವರು ಎಲ್ಲ ಡಬ್ಬಿಗಳನ್ನೂ ಒಂದೇ ರಾಶಿಗೆ ಸುರಿದು ಬೆರೆಸಿ ಬರುತ್ತಾರೆ, ಬೆಳಿಗ್ಗೆ ಕೈಗೆ ಕೆಲಸ ಇರಲಿ ಅಂತ. ಕೆಲಸವಿಲ್ಲ ಹೋಗಿ ಅನ್ನಲು ಬಾಯಿ ಬರುತ್ತಿಲ್ಲ. ಸೆಪ್ಟೆಂಬರ್ ಕೊನೆಗೆ ಮುಚ್ಚಲೇಬೇಕು ಅನ್ನುತ್ತಿದ್ದಾರೆ. ನಾನು ಹೇಳಿದೆ ಅಂತ ಹೇಳಬೇಡ.

ಆಗಸ್ಟ್ 14

ಅಣ್ಣನಿಗೆ,

ನಿನ್ನ ಕಾಗದ ಬಂತು. ಲಕೋಟೆ ಚೆನ್ನಾಗಿ ಅಂಟಿತ್ತು.

ಕಳೆದ ಸಲ ನಾನು ಬರೆದದ್ದರಲ್ಲಿ ಅರ್ಧ ತಪ್ಪು, ಇನ್ನರ್ಧ ಅದಕ್ಕಿಂತ ತಪ್ಪು. ಅದನ್ನು ಹರಿದು ಹಾಕು. ಇಟ್ಟುಕೊಂಡಿದ್ದರೆ ಅತ್ತಿಗೆಯ ಕೈಲಿ ಹರಿಸು, ಅವರಿಗೆ ಸಮಾಧಾನವಾಗಬಹುದು.

ಒಂದು ವ್ಯವಹಾರದ ಮಾತು. ಅಂಗಿಗೆ ಹನ್ನೆರಡು ಸಾವಿರ ಗುಂಡಿ ಬೇಕು. ಬಿಳಿ, ನಾಲ್ಕು ತೂತಿನದು. ಇಷ್ಟು ದಿನ ನಿನ್ನನ್ನು ಯಾಕೆ ಕೇಳಲಿಲ್ಲ ಅಂದರೆ, ಹನ್ನೆರಡು ವರ್ಷದಿಂದ ನಾವು ಗುಂಡಿ ಕೊಳ್ಳುವುದು ಬೇರೆ ಕಡೆ. ಸಂಘದ ನಿಯಮವಲ್ಲ ಅದು, ನನ್ನ ಹಟ. ಅಣ್ಣನ ಲಾಭಕ್ಕೆ ಸಂಘವನ್ನು ಬಳಸಿದಳು ಅಂತ ಯಾರೂ ಅನ್ನಬಾರದು ಅಂತಿತ್ತು. ಯಾರೂ ಅನ್ನುತ್ತಿರಲಿಲ್ಲ ಅಂತ ಈಗ ಕೇಳಿದರೆ ಗೊತ್ತಾಯಿತು. "ಇಷ್ಟು ವರ್ಷ ಆ ಮುರುಕಲು ಗುಂಡಿ ಯಾಕೆ ಹೊಲಿಸಿದೆ?" ಅಂತ ಕತ್ತರಿ ಅಕ್ಕನೇ ಬೈದರು.

ಗುಂಡಿಯನ್ನು ಮೇಸ್ತ್ರಿಯ ಕೈಲೇ ಕಳಿಸು. ಲಾರಿ ಬೇಡ. ಮಷೀನಿನ ಸೂಜಿ ಮುಂಗೋಪ ಮಾಡುತ್ತಿದೆ, ಅವರು ನೋಡಿದರೆ ಒಳ್ಳೆಯದು.

ನಿನ್ನ ತಂಗಿ

ಆಗಸ್ಟ್ 27

ಅಣ್ಣ,

ನಿನ್ನ ಉತ್ತರ ಬರುವ ಮುಂಚೆಯೇ ಇನ್ನೊಂದು ಬರೆಯುತ್ತಿದ್ದೇನೆ. ಇದನ್ನು ಕೂತು ಓದು.

ಮೇಸ್ತ್ರಿ ಬಂದರು. ಸೂಜಿಗೇನೂ ಆಗಿರಲಿಲ್ಲ, ಅದು ಅವರಿಗೂ ಎರಡು ನಿಮಿಷದಲ್ಲಿ ಗೊತ್ತಾಯಿತು. ಟೀ ಕುಡಿಯುವಾಗ ಕತ್ತರಿ ಅಕ್ಕ ಸುತ್ತಿ ಬಳಸದೆ ಕೇಳಿಬಿಟ್ಟರು:

"ಅಲ್ರೀ ಮೇಸ್ತ್ರಿ, ನಿಮ್ಮಲ್ಲಿ ಕೆಲಸ ಇದೆಯೋ ಇಲ್ವೋ?"

"ಇದೆಯಲ್ಲ. ಗುಂಡಿ ಆರಿಸ್ತೀವಿ."

"ಯಾವ ಗುಂಡಿ?"

"ನಿನ್ನೆ ಆರಿಸಿದ್ದೇ."

ಇಡೀ ಕೋಣೆಯಲ್ಲಿ ಮಷೀನುಗಳು ನಿಂತವು. ಮೇಸ್ತ್ರಿ ಲೋಟ ಕೆಳಗಿಟ್ಟು ಹೇಳಿದರು:

"ಸಂಜೆ ಯಜಮಾನ್ರು ಬೆರೆಸ್ತಾರೆ, ಬೆಳಿಗ್ಗೆ ನಾವು ಆರಿಸ್ತೀವಿ. ನಮಗೆ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದಾರೆ. ಗೊತ್ತು ಅಂತ ಹೇಳಿದ್ರೆ ಪಾಪ, ನಾಚ್ಕೊಂಡು ಆವತ್ತೇ ಬಾಗಿಲು ಹಾಕ್ತಾರೆ. ಇಬ್ಬರಿಗೆ ಬೇರೆ ಕಡೆ ಕೆಲಸ ಕರೆದಿದಾರೆ, ಹೋಗಿಲ್ಲ. ಒಬ್ಬೊಬ್ಬರೇ ಬಿಟ್ಟು ಹೋದ್ರೆ ಅವರ ಮನಸ್ಸಿಗೆ ಕಷ್ಟ ಅಲ್ವಾ? ಅದಕ್ಕೆ ಸುಮ್ನೆ ಆರಿಸ್ತಾ ಇದ್ದೀವಿ. ಕೆಂಪು ಗುಂಡಿ ಮೂರು ಕಮ್ಮಿ ಆಗಿದೆ. ಅವರು ಬೆರೆಸೋವಾಗ ಮೇಜಿನ ಕೆಳಗೆ ಬೀಳ್ಸಿದಾರೆ."

ಹೇಳಬೇಡಿ ಅಂತ ಕೈಮುಗಿದು ಕೇಳಿಕೊಂಡರು. ಹೇಳುವುದಿಲ್ಲ ಅಂತ ನಾವು ಹನ್ನೊಂದು ಜನರೂ ಮಾತು ಕೊಟ್ಟೆವು. ನಾನು ಆ ಮಾತನ್ನು ಈಗ ಮುರಿಯುತ್ತಿದ್ದೇನೆ, ಪೂರ್ತಿ ಎಚ್ಚರದಲ್ಲಿದ್ದು, ಸಂತೋಷದಿಂದ. ನೀನು ಅವರನ್ನು ಸಾಕುತ್ತಿದ್ದೀಯ ಅಂದುಕೊಂಡಿದ್ದೀಯ. ಅವರು ನಿನ್ನನ್ನು ಸಂಭಾಳಿಸುತ್ತಿದ್ದಾರೆ. ಇದರಲ್ಲಿ ಮಾಲೀಕ ಯಾರು, ಕಾರ್ಮಿಕ ಯಾರು, ಶೋಷಣೆ ಯಾರಿಂದ ಯಾರಿಗೆ ಅಂತ ನಾನು ಓದಿದ ಯಾವ ಪುಸ್ತಕದಲ್ಲೂ ಉತ್ತರವಿಲ್ಲ. ಹುಡುಕಿ ನೋಡಿದೆ.

ಮೇಸ್ತ್ರಿ ಹೊರಟ ಮೇಲೆ ಸಭೆ ಮೂರು ಗಂಟೆ ನಡೆಯಿತು. ಮಷೀನು ವಾಪಸು ಕೊಡೋಣ ಅಂತ ಎಲ್ಲರಿಗೂ ಇಷ್ಟ. ಒಂಬತ್ತನೇ ನಿಯಮ ಬಿಡದು. ನಿಯಮ ಬದಲಾಯಿಸಲು ಆರು ತಿಂಗಳ ಮುಂಚೆ ನೋಟೀಸು ಕೊಡಬೇಕು, ಆ ನಿಯಮವನ್ನು ಬರೆದವಳು ನಾನೇ. ಕೊನೆಗೆ ಕತ್ತರಿ ಅಕ್ಕ ನಿಯಮಾವಳಿಯನ್ನು ಬಟ್ಟೆಯ ಹಾಗೆ ಬೆಳಕಿಗೆ ಹಿಡಿದು ನಾಲ್ಕನೆಯದನ್ನು ಹುಡುಕಿದರು: ಏಳಕ್ಕಿಂತ ಹೆಚ್ಚು ಜನ ಕೆಲಸಗಾರರು ಬಯಸಿದರೆ ಯಾವ ಊರಿನಲ್ಲಾದರೂ ಸಂಘದ ಶಾಖೆ ತೆರೆಯಬಹುದು. "ಹೊರಗಿನವರಿಗೆ ಕೊಡಬಾರದು ತಾನೆ? ಅವರನ್ನ ಒಳಗಿನವರು ಮಾಡ್ಕೊಂಡ್ರಾಯ್ತು," ಅಂದರು.

ನಿನ್ನ ಖಾಲಿ ಶೆಡ್ಡಿನಲ್ಲಿ ನಮ್ಮ ಶಾಖೆ. ಆಸ್ಪತ್ರೆಯ ಅಂಗಿಗಳಿಗೆ ಕಾಜಾ ಹಾಕಿ ಮುಗಿದ ಕೂಡಲೇ ಮಷೀನು ಅಲ್ಲಿಗೆ ಬರುತ್ತದೆ. ಗುಂಡಿ ಹೊಲಿಯುವುದೂ ಅಲ್ಲೇ. ಇನ್ನೂ ಮೂರು ಸಂಸ್ಥೆಗಳ ಸಮವಸ್ತ್ರ ನಾವು ಕೈ ಸಾಲದೆ ಬೇಡ ಅಂದಿದ್ದೆವು, ಅದನ್ನೂ ಹಿಡಿಯಬಹುದು. ಗುಂಡಿ ಕಾರ್ಖಾನೆ ಮೊದಲಿನ ಹಾಗೆ ನಿನ್ನದೇ, ನೀನೇ ಮಾಲೀಕ, ನಾವು ನಿನ್ನಿಂದ ಗುಂಡಿ ಕೊಳ್ಳುತ್ತೇವೆ, ಚೌಕಾಸಿಯನ್ನೂ ಮಾಡುತ್ತೇವೆ. ಒಂಬತ್ತು ಜನ ಮಧ್ಯಾಹ್ನದ ತನಕ ನಿನ್ನ ಕೆಲಸಗಾರರು, ಆಮೇಲೆ ನಮ್ಮ ಸದಸ್ಯರು. ಇಂಥದ್ದು ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೀನು ಬೇಡ ಅಂದರೆ ಒಂಬತ್ತು ಜನರ ಕೆಲಸ ಹೋಗುತ್ತದೆ ಅಂತ ಮಾತ್ರ ಗೊತ್ತು.

ತಂಗಿ

ಸೆಪ್ಟೆಂಬರ್ 5

ತಂಗಿಗೆ,

ಉತ್ತರ ತಡವಾಯಿತು. ನಿನ್ನ ಕಾಗದವನ್ನು ಕೂತು ಓದು ಅಂದಿದ್ದೆ. ಓದಿದ ಮೇಲೆ ಏಳುವುದು ಹೇಗೆ ಅಂತ ಬರೆದಿರಲಿಲ್ಲ.

ಆ ಸಂಜೆ ಗುಂಡಿ ಬೆರೆಸಲು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಂಬತ್ತು ಜನರೂ ಬಂದು, ಬಣ್ಣಬಣ್ಣವಾಗಿ ತುಂಬಿಟ್ಟ ಡಬ್ಬಿಗಳನ್ನು ನೋಡಿ, ಅಲ್ಲೇ ನಿಂತರು. ನಾನೂ ನಿಂತೆ. ನಾನು ಮೇಜಿನ ಕೆಳಗೆ ಬಗ್ಗಿ ಆ ಮೂರು ಕೆಂಪು ಗುಂಡಿಗಳನ್ನು ಹುಡುಕತೊಡಗಿದೆ, ಮುಖ ಮರೆಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಎರಡು ನಿಮಿಷದಲ್ಲಿ ಒಂಬತ್ತು ಜನರೂ ನನ್ನ ಪಕ್ಕದಲ್ಲಿ ಬಗ್ಗಿದ್ದರು. ಎರಡು ಸಿಕ್ಕವು.

ಅಲ್ಲೇ, ಮೇಜಿನ ಕೆಳಗೇ, ನಿಮ್ಮ ಶಾಖೆಯ ವಿಷಯ ಹೇಳಿದೆ. ಮೇಸ್ತ್ರಿ ಕೇಳಿದರು, "ಯಜಮಾನ್ರೇ, ನಿಮಗೆ ಒಪ್ಪಿಗೆನಾ?" ನಾನು ಒಪ್ಪಿದೆ ಅಂತ ಹೇಳಲು ಹೊರಟು, ತಲೆ ಮೇಜಿಗೆ ಬಡಿಸಿಕೊಂಡೆ. ಅದನ್ನೇ ಒಪ್ಪಿಗೆ ಅಂತ ತೆಗೆದುಕೊಂಡರು.

ತಾತ್ವಿಕ ಆಕ್ಷೇಪಣೆ ನನಗೆ ಇದ್ದೇ ಇದೆ, ದಾಖಲು ಮಾಡು. ಕಾರ್ಖಾನೆಗೂ ಶೆಡ್ಡಿಗೂ ನಡುವೆ ಗೋಡೆಯಿಲ್ಲ ಅಂತ ನಿನಗೆ ನೆನಪಿರಬೇಕು, ಕಂಬ ಮಾತ್ರ. ಆದ್ದರಿಂದ ಮೇಸ್ತ್ರಿಯ ಸಮಕ್ಷಮದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಸಿದ್ದೇನೆ. ಎಡಕ್ಕೆ ಬಂಡವಾಳಶಾಹಿ, ಬಲಕ್ಕೆ ಸಮಾಜವಾದ. ಎಳೆದ ಮೇಲೆ ನೋಡಿದರೆ ಕಿಟಕಿಗಳೆಲ್ಲ ನನ್ನ ಕಡೆ, ಇರುವ ಒಂದು ಫ್ಯಾನು ನಿಮ್ಮ ಕಡೆ. ನೀರಿನ ಕೊಡ ಸರಿಯಾಗಿ ಗೆರೆಯ ಮೇಲೆ. ನಿಮಗೆ ಬೆಳಕು ಬೇಡವೇ, ನನಗೆ ಗಾಳಿ ಬೇಡವೇ? ಎರಡು ಪದ್ಧತಿಗಳ ಸಹಬಾಳ್ವೆಯ ಪ್ರಶ್ನೆ ಮೊದಲ ದಿನವೇ ಫ್ಯಾನಿನ ಮೂತಿ ಯಾವ ಕಡೆ ತಿರುಗಿರಬೇಕು ಅನ್ನುವಲ್ಲಿಗೆ ಬಂದು ನಿಂತಿದೆ.

ಇನ್ನೊಂದು ಸಂದೇಹ. ಮಧ್ಯಾಹ್ನದ ಮೇಲೆ ಅವರೆಲ್ಲ ಆ ಕಡೆ ಹೋದರೆ ನಾನೊಬ್ಬನೇ ಈ ಕಡೆ ಕೂತು ಏನು ಮಾಡಲಿ? ಮಾಲೀಕರಿಗೆ ಸದಸ್ಯತ್ವ ಉಂಟೇ? ಕುತೂಹಲಕ್ಕೆ ಕೇಳುತ್ತಿದ್ದೇನೆ, ಅಷ್ಟೆ.

ನಿನ್ನ ಅಣ್ಣ

ಸೆಪ್ಟೆಂಬರ್ 15

ಕುತೂಹಲಿ ಅಣ್ಣನಿಗೆ,

ನಿನ್ನ 'ಅಷ್ಟೆ'ಗಳನ್ನು ನಂಬಿ ಒಂದು ಸಲ ಕೆಟ್ಟಿದ್ದೇನೆ. ಆದ್ದರಿಂದ ನಿನ್ನ ಪ್ರಶ್ನೆಯನ್ನು ನೇರವಾಗಿ ಅರ್ಜಿ ಅಂತಲೇ ಸಭೆಯ ಮುಂದಿಟ್ಟೆ.

ಇಬ್ಬರು ವಿರೋಧಿಸಿದರು. ಮಾಲೀಕ ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಎದ್ದು ನಿಂತವರ ಕೈಯಲ್ಲಿ ಕೆಲಸ ನಿಲ್ಲುತ್ತದೆ ಅನ್ನುವುದು ಅವರ ವಾದ. ತಳ್ಳಿಹಾಕುವಂಥದ್ದಲ್ಲ. ಕೊನೆಗೆ ತೀರ್ಮಾನವಾದದ್ದು: ಸದಸ್ಯನಾಗುವವನಿಗೆ ಕೈಕೆಲಸ ಬರಬೇಕು. ಒಂದು ಅಂಗಿಗೆ ಆರು ಗುಂಡಿಗಳನ್ನು, ಎಳೆದರೆ ಬಾರದ ಹಾಗೆ, ಸ್ವಂತ ಕೈಯಲ್ಲಿ ಹೊಲಿದು ತೋರಿಸಬೇಕು. ಆಮೇಲೆ ಶಾಖೆಯ ಸದಸ್ಯರು, ಅಂದರೆ ಆ ಒಂಬತ್ತು ಜನ, ಕೈ ಎತ್ತಿ ತೀರ್ಮಾನಿಸುತ್ತಾರೆ. ಆ ಹೊತ್ತು ಅರ್ಜಿದಾರ ಹೊರಗಿರಬೇಕು.

ಇಪ್ಪತ್ತೆಂಟು ವರ್ಷದಿಂದ ನಿನ್ನ ಅಂಗಿಯ ಗುಂಡಿ ಹೊಲಿದುಕೊಡುತ್ತಿರುವವರು ಯಾರು ಅಂತ ನನಗೆ ಗೊತ್ತು. ಅವರು ಪರೀಕ್ಷೆಗೆ ಬರುವಂತಿಲ್ಲ.

ಆಸ್ಪತ್ರೆಯ ಅಂಗಿಗಳಿಗೆ ಕಾಜಾ ಹಾಕಿ ಮುಗಿಯಿತು. ಕೆಲಸ ಕಳೆದುಕೊಳ್ಳಬೇಕಿದ್ದ ನಾಲ್ವರಲ್ಲಿ ಒಬ್ಬರೂ ಮನೆಗೆ ಹೋಗಲಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು. ಕಾಲರ್ ಹೊಲಿಯುವವಳು ನಿನಗೆ ಬೇರೆಯಾಗಿ ಹೇಳಲು ಹೇಳಿದ್ದಾಳೆ, ಆ ನಾಲ್ವರಲ್ಲಿ ಅವಳೂ ಒಬ್ಬಳು. ಮಷೀನು ಸೋಮವಾರ ಲಾರಿ ಹತ್ತುತ್ತದೆ.

ನಿನ್ನ ತಂಗಿ

ಅಕ್ಟೋಬರ್ 8

ತಂಗಿಗೆ,

ಶಾಖೆಯ ಮೊದಲ ವರದಿ.

ಸೀಮೆಸುಣ್ಣದ ಗೆರೆ ಮೂರನೇ ದಿನ ಕಾಲುಗಳಿಗೆ ಅಳಿಸಿತು. ಹೊಸದು ಎಳೆಯೋಣ ಅಂದರೆ, ಸೀಮೆಸುಣ್ಣ ಯಾವ ಕಡೆಯ ಖರ್ಚು ಅನ್ನುವುದು ತೀರ್ಮಾನವಾಗಲಿಲ್ಲ. ಫ್ಯಾನು ಈಗ ಎರಡೂ ಕಡೆ ಮುಖ ತಿರುಗಿಸುತ್ತದೆ, ಮೇಸ್ತ್ರಿ ಅದರ ಕುತ್ತಿಗೆ ಸಡಿಲಿಸಿದರು. ಬೆಳಿಗ್ಗೆ ನಾನು ಗುಂಡಿಯ ಬೆಲೆ ಹೇಳುತ್ತೇನೆ, ಮಧ್ಯಾಹ್ನ ಅದೇ ಜನ ಆ ಕಡೆ ಕೂತು ಅದು ಜಾಸ್ತಿಯಾಯಿತು ಅನ್ನುತ್ತಾರೆ. ಬೆಳಿಗ್ಗೆ ನನ್ನ ಪರವಾಗಿ ಆ ಗುಂಡಿಗೆ ಹೊಳಪು ಕೊಟ್ಟವರೇ ಮಧ್ಯಾಹ್ನ ಅದರಲ್ಲಿ ಗೀರು ಹುಡುಕುತ್ತಾರೆ. ಜಗಳ ದಿನಕ್ಕೊಂದಾದರೂ ಇರುತ್ತದೆ. ಕೆಲಸವೂ ಇರುತ್ತದೆ.

ಪರೀಕ್ಷೆ ನಿನ್ನೆ ಆಯಿತು. ಎರಡು ವಾರ ನಿನ್ನ ಅತ್ತಿಗೆ ಪಾಠ ಹೇಳಿದ್ದಳು. ಮೊದಲ ಗುಂಡಿಯನ್ನು ಅಂಗಿಗೂ ನನ್ನ ಪಂಚೆಗೂ ಸೇರಿಸಿ ಹೊಲಿದೆ. ಎದ್ದು ನಿಂತಾಗ ಅಂಗಿಯೂ ನನ್ನ ಜೊತೆ ಎದ್ದಿತು. ಮೇಸ್ತ್ರಿ ನಗದೆ ಬಿಡಿಸಿಕೊಟ್ಟರು. ಆಮೇಲಿನ ಆರು ಗಟ್ಟಿಯಾಗಿ ಕೂತವು. ಅವರು ಒಂದೊಂದನ್ನೂ ಹಿಡಿದು ಎಳೆದರು, ಮೂವತ್ತು ವರ್ಷದ ಎಲ್ಲ ಲೆಕ್ಕ ಚುಕ್ತಾ ಮಾಡುವವರ ಹಾಗೆ. ಬರಲಿಲ್ಲ.

"ಆಚೆ ಇರಿ ಯಜಮಾನ್ರೇ, ಕರೀತೀವಿ," ಅಂದರು.

ಅಂಗಳಕ್ಕೆ ಹೋಗಿ ನಿಂತೆ. ಹಳೇ ಪೆಟ್ಟಿಗೆಗಳ ಪಕ್ಕದಲ್ಲಿ, ಬಾಗಿಲಿಗೆ ಎದುರಾಗಿ. ಮೂವತ್ತು ವರ್ಷದಲ್ಲಿ ನಾನು ಅಲ್ಲಿ ನಿಂತದ್ದು ಅದೇ ಮೊದಲು. ನಿಂತು ಕಾಯುವಾಗ ಹೊಳೆಯಿತು, ಒಳಗಿರುವ ಒಂಬತ್ತು ಜನರೂ ಕೆಲಸ ಕೇಳಿಕೊಂಡು ಬಂದ ದಿನ ಇದೇ ಜಾಗದಲ್ಲಿ ನಿಂತಿದ್ದವರು. ನಾನು ಒಳಗೆ ಟೀ ಕುಡಿದು, ಪತ್ರಿಕೆ ಮಡಚಿ, ಆಮೇಲೆ ಕರೆಯುತ್ತಿದ್ದೆ. ಮೇಸ್ತ್ರಿಯನ್ನು ಮಧ್ಯಾಹ್ನದ ತನಕ ನಿಲ್ಲಿಸಿದ್ದೆ, ಮರೆತೇಹೋಗಿದ್ದೆ. ಇಲ್ಲಿ ಕೂರಲು ಒಂದು ಕಲ್ಲೂ ಇಲ್ಲ ಅಂತ ನನಗೆ ನಿನ್ನೆ ಗೊತ್ತಾಯಿತು ತಂಗಿ.

ಅವರು ನನ್ನನ್ನು ಹತ್ತು ನಿಮಿಷವೂ ನಿಲ್ಲಿಸಲಿಲ್ಲ. ಮೇಸ್ತ್ರಿಯೇ ಬಂದರು.

"ಎಂಟು ಕೈ ಎದ್ದವು. ಒಂದು ಏಳಲಿಲ್ಲ. ಪಾಸಾಗಿದೆ, ಬನ್ನಿ."

ಆ ಒಂದು ಯಾರದ್ದು ಅಂತ ಕೇಳಬಾರದು ಅಂತ ನನಗೆ ಗೊತ್ತಿತ್ತು. ಆದರೂ ಕೇಳಿದೆ.

"ನಂದೇ."

ನಾನು ತಾನೇ ಇವರನ್ನು ಮಧ್ಯಾಹ್ನದ ತನಕ ನಿಲ್ಲಿಸಿದ್ದು, ಸರಿಯಾಗಿಯೇ ಇದೆ ಅಂದುಕೊಂಡೆ. ಮೇಸ್ತ್ರಿ ಕೊಂಚ ಹತ್ತಿರ ಬಂದು, ಒಳಗಿನವರಿಗೆ ಕೇಳಿಸದ ಹಾಗೆ ಹೇಳಿದರು:

"ಒಂಬತ್ತೂ ಎದ್ದಿದ್ರೆ, ಯಜಮಾನ್ರು ಅಂತ ಹೆದರಿ ಎತ್ತಿದ್ರೇನೋ ಅಂತ ನಿಮಗೆ ಜೀವನ ಪೂರ್ತಿ ಅನುಮಾನ ಇರ್ತಿತ್ತು. ಈಗ ಆ ಎಂಟೂ ನಿಜವಾದವು ಅಂತ ಗೊತ್ತಾಯ್ತಲ್ಲ. ಬನ್ನಿ, ದಾರ ಪೋಣಿಸಿ ಇಟ್ಟಿದೀನಿ."

ನಾನು ಒಳಗೆ ಹೋದಾಗ ಯಾರೂ ಎದ್ದು ನಿಲ್ಲಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು.

ನಿನ್ನ ಅಣ್ಣ